ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ: ಜಾಲತಾಣದ ವಿಡಿಯೊ ಬಗ್ಗೆ ಸಲಹೆ ಬೇಕು

ಕೇಳಿದವರು: ನಮ್ಮ ಯಕ್ಷಗಾನ ಸಂಘದ ತಾಣಕ್ಕೆ ಐಫೋನಿನಲ್ಲಿ ತೆಗೆದ ಆಟದ ತುಣುಕುಗಳನ್ನು ಏರಿಸಿದ್ದೇನೆ. ಆಪಲ್‌ನ ಸಫಾರಿ ಬ್ರೌಸರಿನಲ್ಲಿ ಚೆನ್ನಾಗಿ ಓಡುತ್ತವೆ. ಕೆಲವರ ವಿಂಡೋಸ್ ಕಂಪ್ಯೂಟರಿನಲ್ಲಿ ಚೆಂಡೆ ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಪುಟ ತೆರೆದೊಡನೆ ತಾನಾಗಿ ಶುರುವಾಗಲೆಂದು ಬರೆದದ್ದೂ ಕೆಲಸ ಮಾಡುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಕಪ್ಪು ಪರದೆಗೆ ಕಾರಣ ಬಹುಮಟ್ಟಿಗೆ ಎಚ್‌ಇವಿಸಿ ಎಂಬ ಕೊಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿಡುವ ವಿಧಾನ. 2017ರ ಐಒಎಸ್ 11ರಿಂದ ಐಫೋನ್ 7 ಮತ್ತು ಅನಂತರದ ಮಾದರಿಗಳು ತಾವಾಗಿಯೇ ಈ ಕೊಡೆಕ್‌ನಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಬಿಡಿಸಿ ತೋರಿಸುವ ಸೌಲಭ್ಯ ಎಲ್ಲ ವಿಂಡೋಸ್ ಯಂತ್ರಗಳಲ್ಲಿಲ್ಲ. ಧ್ವನಿ ಎಎಸಿ ಎಂಬ ಬೇರೆ, ಸಾಮಾನ್ಯ ಕೊಡೆಕ್‌ನಲ್ಲಿರುವುದರಿಂದ ಅದೊಂದು ಕೇಳಿಸುತ್ತದೆ. ಎಂಪಿ4 ಎಂಬುದು ಚಿತ್ರ, ಧ್ವನಿಗಳನ್ನು ತುಂಬಿಡುವ ಬರೀ ಡಬ್ಬಿ. ಕಡತದ ಹೆಸರು ಬದಲಿಸಿದರೆ ಒಳಗಿರುವುದು ಬದಲಾಗದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಬಳಸಿ, ಬಹುತೇಕ ಎಲ್ಲ ಬ್ರೌಸರುಗಳೂ ಒಪ್ಪುವ ಎಚ್.264 ಕೊಡೆಕ್‌ಗೆ ಪರಿವರ್ತಿಸಿ, ಧ್ವನಿ ಎಎಸಿಯಲ್ಲೇ ಇರಲಿ. ಐಫೋನ್ 12 ಮತ್ತು ಅನಂತರದ ಮಾದರಿಗಳ ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚು ವ್ಯಾಪ್ತಿಯ) ವಿಡಿಯೊ 10 ಬಿಟ್‌ನದು, ಸಾಮಾನ್ಯ ವಿಡಿಯೊ 8 ಬಿಟ್‌ನದು. ಪಿಕ್ಸೆಲ್ ಮಾದರಿ ವೈಯುವಿ420ಪಿ (8 ಬಿಟ್‌ನದು) ಎಂದು ನಮೂದಿಸದಿದ್ದರೆ ಪರಿವರ್ತನೆಯ ನಂತರವೂ 10 ಬಿಟ್ ಉಳಿದು ಅನೇಕ ಬ್ರೌಸರುಗಳು ಕೈಕೊಡುತ್ತವೆ. ಈ ಒಂದು ಸೂಚನೆಯನ್ನು ಮರೆಯಲೇಬೇಡಿ.

ಉತ್ತರ 2: ಜೊತೆಗೆ ವೆಬ್‌ಎಂ (ಎಂಪಿ4ನಂಥದೇ ಇನ್ನೊಂದು ವಿಡಿಯೊ ರೂಪ) ಪ್ರತಿಯನ್ನೂ ಇಡಬೇಕೇ?

ಉತ್ತರ 1: ಈಗ ಅಗತ್ಯವಿಲ್ಲ. ಫೈರ್‌ಫಾಕ್ಸ್ ಎಚ್.264 ಒಪ್ಪದೆ, ಸಫಾರಿ ಓಗ್ ಎಂಬ ಮುಕ್ತ ವಿಡಿಯೊ ರೂಪವನ್ನು ಒಪ್ಪದೆ ಇದ್ದ ಕಾಲದಲ್ಲಿ ಎರಡೆರಡು ಪ್ರತಿ ಬೇಕಾಗುತ್ತಿತ್ತು.

ಉತ್ತರ 3: ತಾನಾಗಿ ಶುರುವಾಗುವ ವಿಷಯ. 2018ರಿಂದ ಕ್ರೋಮ್ ಸದ್ದಿರುವ ವಿಡಿಯೊವನ್ನು ಸಾಮಾನ್ಯವಾಗಿ ತಾನಾಗಿ ಓಡಿಸುವುದಿಲ್ಲ, ಸಫಾರಿಯೂ ಹಾಗೆಯೇ. ಪುಟದ ವಿಡಿಯೊ ಟ್ಯಾಗಿನಲ್ಲಿ ಆಟೊಪ್ಲೇ (ತಾನಾಗಿ ಶುರು) ಜೊತೆಗೆ ಮ್ಯೂಟೆಡ್ (ಸದ್ದಿಲ್ಲದೆ) ಇರಬೇಕು, ಐಫೋನಿಗಾಗಿ ಪ್ಲೇಸ್‌ಇನ್‌ಲೈನ್ (ಪುಟದೊಳಗೇ ಓಡಲು) ಸೇರಿಸಬೇಕು. ಆದರೆ ಭಾಗವತರ ಹಾಡು ಕೇಳಿಸದ ಆಟವನ್ನು ಯಾರಿಗಾಗಿ ಓಡಿಸುವುದು? ಆಟೊಪ್ಲೇ ತೆಗೆದುಬಿಡಿ. ಅದೇ ಟ್ಯಾಗಿನ ಪೋಸ್ಟರ್ (ಶುರುವಾಗುವ ಮೊದಲು ಕಾಣುವ ಚಿತ್ರ) ಜಾಗದಲ್ಲಿ ಒಳ್ಳೆಯದೊಂದು ವೇಷದ ಚಿತ್ರ ಕೊಡಿ, ಕಂಟ್ರೋಲ್ಸ್ (ಓಡಿಸುವ, ನಿಲ್ಲಿಸುವ ಗುಂಡಿಗಳು) ಇರಲಿ. ನೋಡುವವರು ತಾವೇ ಒತ್ತುತ್ತಾರೆ. ಪ್ರಿಲೋಡ್ ಅನ್ನು ಮೆಟಾಡೇಟಾ ಎಂದಿಟ್ಟರೆ ಒತ್ತುವ ಮೊದಲು ವಿಡಿಯೊದ ಅವಧಿಯಂಥ ವಿವರವಷ್ಟೇ ಇಳಿಯುವುದರಿಂದ ಹಳ್ಳಿಯಲ್ಲಿ ಮೊಬೈಲ್ ಡೇಟಾ ಬಳಸಿ ನೋಡುವವರಿಗೆ ಉಪಕಾರ.

ಉತ್ತರ 4: ಇಬ್ಬರೂ ಸರ್ವರಿನ ಮಾತು ಬಿಟ್ಟಿದ್ದಾರೆ. ನಾವು ಸರ್ವರ್ ಬದಲಿಸಿದ ಮೇಲೆ ವಿಡಿಯೊ ಐಫೋನಿನಲ್ಲಿ ಮಾತ್ರ ನಿಂತುಹೋಯಿತು. ಸಫಾರಿ ಕಡತವನ್ನು ತುಂಡುತುಂಡಾಗಿ ಕೇಳುತ್ತದೆ. ಸರ್ವರ್ 206 (‘ಒಂದು ಭಾಗ ಮಾತ್ರ’) ಸಂಕೇತದೊಡನೆ ಆ ತುಂಡನ್ನಷ್ಟೇ ಕೊಡಬೇಕು. ನಮ್ಮದು ಪ್ರತಿ ಸಲವೂ 200 (‘ಸರಿ’) ಎಂದು ಇಡೀ ಕಡತ ಕಳಿಸುತ್ತಿತ್ತು. ಬ್ರೌಸರಿನ ಡೆವಲಪರ್ ಪರಿಕರದ ನೆಟ್‌ವರ್ಕ್ ವಿಭಾಗದಲ್ಲಿ ಇದು ಕಾಣುತ್ತದೆ. ಪರಿವರ್ತಿಸುವಾಗಲೇ ಫಾಸ್ಟ್‌ಸ್ಟಾರ್ಟ್ ಆಯ್ಕೆಯನ್ನೂ ಕೊಡಿ. ಕಡತದ ಕೊನೆಯಲ್ಲಿರುವ ಸೂಚಿ ಮೊದಲಿಗೆ ಬಂದು, ಒತ್ತಿದೊಡನೆ ಆಟ ಶುರುವಾಗುತ್ತದೆ.