ಎಸ್‌ಇಸಿ ಗಟ್ಟಿಯೋ, ಬಿಗ್ ಟೆನ್ ಗಟ್ಟಿಯೋ? ಮನೆಯ ವಾಟ್ಸಾಪ್ ಗುಂಪು ಒಡೆಯುವ ಹಂತಕ್ಕೆ ಬಂದಿದೆ

ನಾಪೋಕ್ಲು_ಅಕ್ಕ

ಇಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಾವು ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬೀಳುವ ಆಟ.

ಮಗಳು ಕೊಲಂಬಸ್‌ನಲ್ಲಿ, ಒಹಾಯೋ ಸ್ಟೇಟ್‌ನಲ್ಲಿ ಓದುತ್ತಿದ್ದಾಳೆ. ಅಕ್ಕನ ಮಗ ಅಲಬಾಮಾ ಯೂನಿವರ್ಸಿಟಿಯಲ್ಲಿ ಓದಿ ಅಲ್ಲೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಊರಲ್ಲಿದ್ದಾಗ ಇಬ್ಬರಿಗೂ ಆ ಆಟದ ಗಂಧಗಾಳಿ ಇರಲಿಲ್ಲ. ಈಗ ಗುಂಪಿನಲ್ಲಿ ನಾನು ಮಳೆ ಎಷ್ಟು ಇಂಚು ಬಂತು ಅಂತ ಹಾಕಿದರೂ ಮಾತು ಕೊನೆಗೆ ಎಸ್‌ಇಸಿ, ಬಿಗ್ ಟೆನ್‌ಗೇ ಹೋಗಿ ನಿಲ್ಲುತ್ತದೆ.

ನನಗೆ ಗೊತ್ತಾಗಿರುವುದು ಇಷ್ಟು. ಕಾನ್ಫರೆನ್ಸ್ ಅಂದರೆ ಒಂದಷ್ಟು ಕಾಲೇಜುಗಳ ಕೂಟ. ಅಲಬಾಮಾ ಇರುವ ಕೂಟ ಎಸ್‌ಇಸಿ, ಒಹಾಯೋ ಸ್ಟೇಟ್ ಇರುವುದು ಬಿಗ್ ಟೆನ್. ಹೆಚ್ಚಿನ ಪಂದ್ಯಗಳನ್ನು ತಮ್ಮತಮ್ಮೊಳಗೇ ಆಡುತ್ತಾರೆ. 2024ರ ಸೀಸನ್‌ನಲ್ಲಿ ಅಲಬಾಮಾ ಮೂರು ಪಂದ್ಯ ಸೋತು, ಚಾಂಪಿಯನ್ ಯಾರೆಂದು ತೀರ್ಮಾನಿಸುವ 12 ತಂಡಗಳ ಪ್ಲೇಆಫ್‌ಗೆ ಬರಲಿಲ್ಲ. ಆದರೂ ನಮ್ಮ ಹುಡುಗನ ಬಾಯಿ ಕಡಿಮೆಯಾಗಿಲ್ಲ. "ಚಿಕ್ಕಮ್ಮ, ನಾವು ಸೋತದ್ದು ಗಟ್ಟಿ ಕಾನ್ಫರೆನ್ಸಿನಲ್ಲಿ. ಬೇರೆಯವರು ಗೆದ್ದದ್ದು ಪುಕ್ಕಟೆ ಪಂದ್ಯಗಳನ್ನ" ಅನ್ನುತ್ತಾನೆ. ಇದು ಯಾವ ನ್ಯಾಯ?

ನಾನು 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್ ಶುರುವಾದಾಗಿನಿಂದ ಕೊಡವರ ಕೌಟುಂಬಿಕ ಹಾಕಿ ನೋಡುತ್ತಿರುವವಳು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲೇ ಕುಂಡ್ಯೋಳಂಡ ಕಪ್‌ಗೆ 360 ಒಕ್ಕಗಳ, ಅಂದರೆ ಮನೆತನಗಳ, ತಂಡ ಬಂದವು. ಸೋತವರು ಸ್ಟಿಕ್ ಜೀಪಿಗೆ ಹಾಕಿಕೊಂಡು ಮನೆಗೆ ಹೋದರು, ಅಷ್ಟೇ. ನಾವು ಗಟ್ಟಿ ಕಡೆಯಿಂದ ಬಂದವರು, ಇನ್ನೊಂದು ಪಂದ್ಯ ಕೊಡಿ ಅಂತ ಯಾರೂ ಕೇಳಲಿಲ್ಲ.

ಇನ್ನೊಂದು. 2024ರ ಸೀಸನ್‌ನ ಚಾಂಪಿಯನ್ ಒಹಾಯೋ ಸ್ಟೇಟೇ. ಆದರೂ ನವೆಂಬರ್‌ನಲ್ಲಿ ಮಿಷಿಗನ್‌ಗೆ ಸೋತ ವಿಷಯ ಎತ್ತಿದರೆ ಮಗಳು ಫೋನ್ ಇಟ್ಟುಬಿಡುತ್ತಾಳೆ. ಕಪ್ಪೇ ಗೆದ್ದ ಮೇಲೆ ಇದೆಂಥಾ ಸಿಟ್ಟು?

ಸಿದ್ದಾಪುರ_ತೋಟ

ಅಕ್ಕ, ನಾನು ಆನ್ ಆರ್ಬರ್‌ನಲ್ಲಿ ಓದಿ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿರುವವನು. ಅಂದರೆ ಮಿಷಿಗನ್ ಕಡೆಯವನು. ಮಗಳಿಗೆ ಈ ಉತ್ತರ ತೋರಿಸಬೇಡಿ.

ಎರಡನೇ ಪ್ರಶ್ನೆಯೇ ಮೊದಲು, ಅದನ್ನು ಹೇಳಲು ನನಗೆ ಖುಷಿ. 2024ರ ನವೆಂಬರ್ 30ಕ್ಕೆ ನಾವು ಕೊಲಂಬಸ್‌ಗೆ ಹೋದಾಗ ನಮ್ಮ ತಂಡದ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಅವರು ದೇಶದಲ್ಲೇ ಎರಡನೇ ಸ್ಥಾನದಲ್ಲಿದ್ದರು. ನಾವು ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಅಂತರದಲ್ಲಿ ಸೋಲುತ್ತೇವೆ ಅಂತ ಎಲ್ಲರ ಲೆಕ್ಕ. 13-10ರಲ್ಲಿ ಗೆದ್ದೆವು. ಅದು ಸತತ ನಾಲ್ಕನೇ ಗೆಲುವು. ಆಮೇಲೆ ಮೈದಾನದ ಮಧ್ಯೆ ನಮ್ಮವರು ಬಾವುಟ ನೆಡಲು ಹೋಗಿ ಹೊಡೆದಾಟವಾಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಅದು ಮಾತ್ರ ಬೇಡವಾಗಿತ್ತು.

ಅದಾದ ಮೇಲೆ ಒಹಾಯೋ ಸ್ಟೇಟ್ ಟೆನೆಸ್ಸೀ, ಒರೆಗಾನ್, ಟೆಕ್ಸಸ್, ನೋಟರ್ ಡೇಮ್ ಎಲ್ಲರನ್ನೂ ಸಾಲಾಗಿ ಸೋಲಿಸಿ ಚಾಂಪಿಯನ್ ಆಯಿತು. ಸಂತೋಷ. ಆದರೆ ಆ ಹೊಳಪಿನ ಮೇಲೆ ನಮ್ಮದೊಂದು ಕಲೆ ಇದೆ, ಅಲ್ವಾ? ಮಗಳಿಗೆ ಉರಿಯುವುದು ಅದಕ್ಕೇ.

ಈ ದ್ವೇಷ ಫುಟ್‌ಬಾಲಿಗಿಂತ ಹಳೆಯದು. 1835ರಲ್ಲಿ ಟೊಲಿಡೋ ಊರಿರುವ ಗಡಿ ಜಾಗಕ್ಕಾಗಿ ಒಹಾಯೋ, ಮಿಷಿಗನ್ ಎರಡೂ ಕಡೆಯವರು ಬಂದೂಕು ಹಿಡಿದು ನಿಂತಿದ್ದರು. ಟೊಲಿಡೋ ಒಹಾಯೋಗೆ ಹೋಯಿತು. ಮಿಷಿಗನ್‌ಗೆ ಬದಲಿಗೆ ಉತ್ತರದ ಕಾಡು ಸಿಕ್ಕಿತು. ಇಬ್ಬರ ನಡುವೆ ಫುಟ್‌ಬಾಲ್ ಶುರುವಾದದ್ದು 1897ರಲ್ಲಿ. ಈಗಲೂ ಆ ವಾರ ಕೊಲಂಬಸ್ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ 'ಎಂ' ಅಕ್ಷರ ಎಲ್ಲಿದ್ದರೂ ಕೆಂಪು ಟೇಪ್ ಅಂಟಿಸಿ ಮುಚ್ಚುತ್ತಾರೆ. ಮಿಷಿಗನ್ನನ್ನು ಸೋಲಿಸಿದ ಒಹಾಯೋ ಸ್ಟೇಟ್ ಆಟಗಾರರಿಗೆ ಚಿನ್ನದ ಪುಟ್ಟ ಚಡ್ಡಿಯ ಪದಕ ಕೊಡುತ್ತಾರೆ. ಹೌದು, ಚಡ್ಡಿಯೇ. 1934ರಿಂದ ನಡೆದು ಬಂದ ಪದ್ಧತಿ. 2021ರಿಂದ 2024ರವರೆಗೆ ನಾಲ್ಕು ವರ್ಷ ಆಡಿ ಹೋದ ಹುಡುಗರ ಹತ್ತಿರ ಚಾಂಪಿಯನ್ ಉಂಗುರ ಇದೆ, ಚಡ್ಡಿ ಇಲ್ಲ.

ಈಗ ಕಾನ್ಫರೆನ್ಸ್ ಲೆಕ್ಕ. ನೀವೇ ಹಾಕಿ ಆಟದ ಮಾತು ತೆಗೆದಿರಿ, ಅದನ್ನೇ ಹಿಡಿದು ಹೇಳುತ್ತೇನೆ. ಕೌಟುಂಬಿಕ ಹಾಕಿಯಲ್ಲಿ ಭಾಗಮಂಡಲ ಕಡೆಯ ಒಕ್ಕಗಳು ತಮ್ಮೊಳಗೇ ಆಡಿ, ಕುಟ್ಟ ಕಡೆಯವು ತಮ್ಮೊಳಗೇ ಆಡಿ, ಕೊನೆಗೆ ಒಂದು ಕಮಿಟಿ ಕೂತು ಯಾರನ್ನು ಕ್ವಾರ್ಟರ್ ಫೈನಲ್‌ಗೆ ಕರೆಯಬೇಕು ಅಂತ ತೀರ್ಮಾನ ಮಾಡಿದರೆ ಏನಾಗುತ್ತದೆ? ಅಲ್ಲಿ ಆಗುತ್ತಿರುವುದು ಅದೇ. ಒಂದು ತಂಡಕ್ಕೆ ಸೀಸನ್‌ನಲ್ಲಿ 12 ಪಂದ್ಯ. ಬಿಗ್ ಟೆನ್‌ನವರು ಅದರಲ್ಲಿ 9 ಒಳಗೇ ಆಡುತ್ತಾರೆ, ಎಸ್‌ಇಸಿಯವರು 2025ರವರೆಗೆ ಆಡಿದ್ದು 8. ಉಳಿದದ್ದರಲ್ಲೂ ಕೆಲವು ಸುಮ್ನೆ ಚಿಕ್ಕ ಕಾಲೇಜುಗಳ ಮೇಲೆ. ಅಲಬಾಮಾ 2024ರ ನವೆಂಬರ್ ಮಧ್ಯದಲ್ಲಿ, ಸೀಸನ್ ಕಾವೇರಿದ ಹೊತ್ತಲ್ಲಿ, ಮರ್ಸರ್ ಅನ್ನುವ ಚಿಕ್ಕ ಕಾಲೇಜನ್ನು ಮನೆಗೆ ಕರೆದು 52-7ರಲ್ಲಿ ಗೆದ್ದಿತು. ಗಟ್ಟಿ ಕಾನ್ಫರೆನ್ಸ್ ಅಂತೆ! ಎಸ್‌ಇಸಿ ಕೂಡ 2026ರಿಂದ 9 ಪಂದ್ಯ ಅಂತ 2025ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿತು.

ಹೊರಗಿನವರ ಜೊತೆ ಆಡದೇ ಇದ್ದರೆ ಅಳೆಯುವುದು ಹೇಗೆ? ಆಗ ಬರುವುದೇ ಸುತ್ತು ವಾದ. 2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ 40-35ರಲ್ಲಿ ಅಲಬಾಮಾವನ್ನು ಸೋಲಿಸಿತು. ವ್ಯಾಂಡರ್‌ಬಿಲ್ಟ್ ಎಷ್ಟೋ ವರ್ಷಗಳಿಂದ ಎಸ್‌ಇಸಿಯ ಕೊನೆಯ ಬೆಂಚು. ಅಲ್ಲಿನ ಹುಡುಗರು ಗೋಲ್‌ಪೋಸ್ಟ್ ಕಿತ್ತುಕೊಂಡು ಹೋಗಿ ಕಂಬರ್‌ಲ್ಯಾಂಡ್ ನದಿಗೆ ಎಸೆದರು. ಎಸ್‌ಇಸಿಯವರು ಏನಂದರು? ನೋಡಿ, ನಮ್ಮಲ್ಲಿ ಕೊನೆಯ ತಂಡವೂ ಎಷ್ಟು ಗಟ್ಟಿ ಅಂತ. ಅದೇ ಬಿಗ್ ಟೆನ್‌ನಲ್ಲಿ ಆಗಿದ್ದರೆ ಮೇಲಿನ ತಂಡ ಪೊಳ್ಳು ಅನ್ನುತ್ತಿದ್ದರು. ಹೀಗೆ ವಾದ ಮಾಡುವವರಿಗೆ ಸೋಲೇ ಇಲ್ಲ.

ನಾನು ನೋಡುವುದು ಒಂದನ್ನೇ. ಮೇಲಿನ ಎರಡು ತಂಡ ಬಿಡಿ, ಎಲ್ಲ ಕಡೆಯೂ ಒಳ್ಳೆಯವೇ ಇರುತ್ತವೆ. ನಡುವಿನ ತಂಡಗಳು ಎದುರುಬದುರಾದಾಗ ಏನಾಯಿತು? 2024ರ ಡಿಸೆಂಬರ್ 31ಕ್ಕೆ ಬಿಗ್ ಟೆನ್‌ನ ನಮ್ಮ ಅದೇ ಸೊರಗಿದ ಮಿಷಿಗನ್, ಐದು ಸೋತಿದ್ದ ತಂಡ, ಅಲಬಾಮಾವನ್ನು 19-13ರಲ್ಲಿ ಸೋಲಿಸಿತು. ಅದೇ ದಿನ ಬಿಗ್ ಟೆನ್‌ನ ಇಲಿನಾಯ್ ಎಸ್‌ಇಸಿಯ ಸೌತ್ ಕ್ಯಾರೊಲೈನಾವನ್ನು 21-17ರಲ್ಲಿ. ನಮ್ಮನ್ನು ಯಾಕೆ ಪ್ಲೇಆಫ್‌ಗೆ ಕರೆಯಲಿಲ್ಲ ಅಂತ ಇಡೀ ಡಿಸೆಂಬರ್ ಕೂಗಾಡಿದವರು ಅಲಬಾಮಾ, ಸೌತ್ ಕ್ಯಾರೊಲೈನಾ, ಇವೇ ಎರಡು ಕಡೆಯವರು. ನಿಮ್ಮ ಅಕ್ಕನ ಮಗನಿಗೆ ಇಷ್ಟು ಕಳಿಸಿ, ಸಾಕು.

ಗೋಣಿಕೊಪ್ಪ_ಹುಡುಗ

ಅಣ್ಣ, ಬೇಕಾದ ಪಂದ್ಯಗಳನ್ನು ಮಾತ್ರ ಆರಿಸಿಕೊಂಡಿದ್ದೀರಿ. ಅದರ ಹಿಂದಿನ ದಿನ ಎಸ್‌ಇಸಿಯ ಮಿಸ್ಸೂರಿ ಬಿಗ್ ಟೆನ್‌ನ ಅಯೋವಾವನ್ನು 27-24ರಲ್ಲಿ ಸೋಲಿಸಿದ್ದು ಬಿಟ್ಟಿರಿ. ಸೀಸನ್ ಮುಗಿದ ಮೇಲಿನ ಇಂಥ ಪಂದ್ಯಗಳಲ್ಲಿ ಎನ್‌ಎಫ್‌ಎಲ್‌ಗೆ (ವೃತ್ತಿಪರ ಲೀಗ್‌ಗೆ) ಹೋಗುವ ಹುಡುಗರು ಗಾಯವಾಗುತ್ತೆ ಅಂತ ಆಡುವುದೂ ಇಲ್ಲ. ಅದರಿಂದ ಕಾನ್ಫರೆನ್ಸ್ ಅಳೆಯಕ್ಕಾಗಲ್ಲ.

ನಾನು ಅಮೆರಿಕ ನೋಡಿಲ್ಲ. ರಾತ್ರಿ ಪಾಳಿಯ ಕೆಲಸದಲ್ಲಿ ಈ ಹುಚ್ಚು ಹತ್ತಿತು. ಆದ್ದರಿಂದ ನನಗೆ ಯಾವ ಕಾಲೇಜಿನ ಋಣವೂ ಇಲ್ಲ. 2006ರಿಂದ 2012ರವರೆಗೆ ಸತತ ಏಳು ಸಲ ಎಸ್‌ಇಸಿ ತಂಡವೇ ಚಾಂಪಿಯನ್. ಅದೂ ಒಂದೇ ತಂಡವಲ್ಲ. ಫ್ಲಾರಿಡಾ, ಎಲ್‌ಎಸ್‌ಯು, ಅಲಬಾಮಾ, ಆಬರ್ನ್, ನಾಲ್ಕು ಬೇರೆ ಬೇರೆ ತಂಡ. 2022ರವರೆಗೆ ಲೆಕ್ಕ ಹಾಕಿದರೆ 17 ವರ್ಷದಲ್ಲಿ 13 ಕಪ್. 2025ರಲ್ಲಿ ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಎಸ್‌ಇಸಿಯಿಂದಲೇ 79 ಹುಡುಗರು, ಆಗ ಅದು ದಾಖಲೆ. ಬಿಗ್ ಟೆನ್‌ನಿಂದ 71. ಇದು ಕಮಿಟಿಯ ಅಭಿಪ್ರಾಯ ಅಲ್ಲ. ಎನ್‌ಎಫ್‌ಎಲ್‌ನವರು ದುಡ್ಡು ಹಾಕಿ ಆರಿಸುವುದು.

ಕಾರಣವೂ ಇದೆ. ಜಾರ್ಜಿಯಾ, ಫ್ಲಾರಿಡಾ, ಲೂಸಿಯಾನಾ, ಟೆಕ್ಸಸ್ ಕಡೆ ಹೈಸ್ಕೂಲ್ ಫುಟ್‌ಬಾಲ್ ಅಂದರೆ ಊರಿಗೆ ಊರೇ ಸೇರುತ್ತದೆ. ಆಟಗಾರರು ಅಲ್ಲೇ ಹುಟ್ಟುತ್ತಾರೆ. ಅಲಬಾಮಾ ರಾಜ್ಯದಲ್ಲಿ ಎನ್‌ಎಫ್‌ಎಲ್ ತಂಡವೇ ಇಲ್ಲ. ಅವರಿಗೆ ಇರುವುದು ಅಲಬಾಮಾ ಅಥವಾ ಆಬರ್ನ್, ಎರಡೇ ದಾರಿ. ಅಕ್ಕ, ನಿಮ್ಮ ಹುಡುಗನಿಗೆ 2013ರ 'ಕಿಕ್ ಸಿಕ್ಸ್' ನೆನಪಿದೆಯಾ ಕೇಳಿ. 28-28 ಸಮ. ಒಂದೇ ಸೆಕೆಂಡ್ ಬಾಕಿ. ಅಲಬಾಮಾ ಗೋಲ್‌ಪೋಸ್ಟ್ ನಡುವೆ ಹೋಗಲಿ ಅಂತ ದೂರದಿಂದ ಒದ್ದ ಫೀಲ್ಡ್ ಗೋಲ್ ಗುರಿ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಚೆಂಡನ್ನು ತನ್ನ ಗೋಲ್ ಗೆರೆಯ ಹಿಂದೆ ಹಿಡಿದು ಇಡೀ ಮೈದಾನ ಓಡಿ ಟಚ್‌ಡೌನ್ ಮಾಡಿದ. ಅಲಬಾಮಾಗೆ ಚಾಂಪಿಯನ್ ಆಗುವ ದಾರಿ ಅಲ್ಲೇ ಮುಚ್ಚಿತು. ಬೇಕಾದರೆ ಒಮ್ಮೆ ಯೂಟ್ಯೂಬ್‌ನಲ್ಲಿ ನೋಡಿ. ಇಷ್ಟು ಹೊತ್ತು ಓದಿದ್ದಕ್ಕೆ ಅದೇ ಬಹುಮಾನ.

ಸಿದ್ದಾಪುರ_ತೋಟ

2022ಕ್ಕೆ ಲೆಕ್ಕ ನಿಲ್ಲಿಸಿದ್ದು ಯಾಕಪ್ಪಾ? 2023ಕ್ಕೆ ಮಿಷಿಗನ್, 2024ಕ್ಕೆ ಒಹಾಯೋ ಸ್ಟೇಟ್. ಎರಡು ಸಲವೂ ಫೈನಲ್‌ನಲ್ಲಿ ಎಸ್‌ಇಸಿ ತಂಡವೇ ಇಲ್ಲ. ಅದೇನು ಆಕಸ್ಮಿಕವಲ್ಲ. ಮೊದಲು ಅಲಬಾಮಾ, ಜಾರ್ಜಿಯಾದಲ್ಲಿ ಬೇರೆಲ್ಲಾದರೂ ಮುಖ್ಯ ಆಟಗಾರನಾಗುವ ಹುಡುಗರು ಬೆಂಚಿನಲ್ಲಿ ಕೂತು ಕಾಯುತ್ತಿದ್ದರು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು. ಕಾಲೇಜು ಬದಲಿಸುವುದೂ ಸುಲಭವಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಸಂಬಳ ಕೊಡುತ್ತಿವೆ. ಇನ್ನು ಬೆಂಚಿನಲ್ಲಿ ಯಾರು ಕೂರುತ್ತಾರೆ?

ಪೊನ್ನಂಪೇಟೆ_ಫಾರೆಸ್ಟ್ರಿ

ನೀವು ಶ್ರೀಮಂತರು ಜಗಳ ಆಡಿಕೊಳ್ಳಿ. ನಾನು ಓದಿದ್ದು ಕೊರ್ವಾಲಿಸ್‌ನಲ್ಲಿ, ಒರೆಗಾನ್ ಸ್ಟೇಟ್. ನಮಗೆ ಕಾನ್ಫರೆನ್ಸೇ ಇಲ್ಲದಂತಾಯಿತು.

ಪ್ಯಾಕ್-12 ಅಂತ ಪಶ್ಚಿಮ ಕರಾವಳಿಯ ಕೂಟ ಇತ್ತು, ಬೇರು 1915ರದ್ದು. 2023ರಲ್ಲಿ ಅದು ವರ್ಷಗಟ್ಟಲೆ ಕಾಣದಷ್ಟು ಗಟ್ಟಿಯಾಗಿತ್ತು. ವಾಷಿಂಗ್ಟನ್ ಒಂದೂ ಸೋಲದೆ ಫೈನಲ್‌ವರೆಗೆ ಹೋಗಿ ಸಿದ್ದಾಪುರದ ಅಣ್ಣನ ಮಿಷಿಗನ್ ಕೈಯಲ್ಲಿ 34-13ರಲ್ಲಿ ಸೋತಿತು. ಅದೇ ಸೀಸನ್ ಕೊನೆಯಾದ ಮೇಲೆ ಕೂಟ ಒಡೆಯಿತು. 12ರಲ್ಲಿ 10 ಕಾಲೇಜು ಹೊರಟವು. ಉಳಿದದ್ದು ನಾವು ಮತ್ತು ವಾಷಿಂಗ್ಟನ್ ಸ್ಟೇಟ್. ಗಟ್ಟಿ ಇದ್ದರೆ ಏನು ಬಂತು? ಟೀವಿ ದುಡ್ಡು ಬಿಗ್ ಟೆನ್ ಹತ್ತಿರ ಇತ್ತು. ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ. ಈಗ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯೂ ನ್ಯೂಜೆರ್ಸಿಯ ರಟ್‌ಗರ್ಸ್‌ ಕೂಡ ಒಂದೇ ಕೂಟ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿದೆ. ಭೂಗೋಳದ ಮೇಷ್ಟ್ರು ಯಾರೂ ಅಲ್ಲಿ ಇರಲಿಲ್ಲ ಅಂತ ಕಾಣುತ್ತೆ.

ಪಕ್ಕದ ಊರಿನ ಒರೆಗಾನ್ ಜೊತೆ ನಾವು 1894ರಿಂದ ಆಡುತ್ತಾ ಬಂದವರು. ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದ ದೂರ. ಆ ಪಂದ್ಯ ನವೆಂಬರ್ ಕೊನೆಗೆ ಬಂದರೆ ಚಳಿ, ಮಳೆ, ಎರಡೂ ಊರು ಖಾಲಿ. 2024, 2025ರಲ್ಲಿ ಅದನ್ನು ಸೆಪ್ಟೆಂಬರ್‌ಗೆ ತಳ್ಳಿದರು. ಕಾಲೇಜು ಶುರುವಾಗುವ ಮೊದಲೇ ಪಂದ್ಯ ಮುಗಿದರೆ ಯಾವ ಸಿಟ್ಟು ಕಟ್ಟಿಕೊಳ್ಳಬೇಕು? ಒಕ್ಲಹೋಮಾ ಎಸ್‌ಇಸಿಗೆ ಹೋದಾಗ ಒಕ್ಲಹೋಮಾ ಸ್ಟೇಟ್ ಜೊತೆಗಿನ 'ಬೆಡ್‌ಲಮ್' ಅನ್ನುವ ಪಂದ್ಯ ನಿಂತೇ ಹೋಯಿತು. 2023ರ ಕೊನೆಯ ಪಂದ್ಯ ಒಕ್ಲಹೋಮಾ ಸ್ಟೇಟ್ 27-24ರಲ್ಲಿ ಗೆದ್ದಿತು. ಇನ್ನು ಎಷ್ಟು ವರ್ಷ ಆ ಒಂದು ಗೆಲುವನ್ನೇ ಹೇಳಿಕೊಂಡು ತಿರುಗುತ್ತಾರೋ.

2026ಕ್ಕೆ ಬಾಯ್ಸಿ ಸ್ಟೇಟ್, ಫ್ರೆಸ್ನೋ ಸ್ಟೇಟ್ ಮುಂತಾದವರನ್ನು ಸೇರಿಸಿಕೊಂಡು ಪ್ಯಾಕ್-12 ಮತ್ತೆ ಕಟ್ಟುತ್ತಿದ್ದಾರೆ. ನೋಡೋಣ. ನನ್ನ ಕಿತ್ತಳೆ ಟೀಶರ್ಟ್ ಇನ್ನೂ ಎಸೆದಿಲ್ಲ.

ನಾಪೋಕ್ಲು_ಅಕ್ಕ

ಅಬ್ಬಾ, ಕೊಡಗಿನಲ್ಲಿ ಇಷ್ಟು ಜನ ಇದ್ದೀರಾ! ಪೊನ್ನಂಪೇಟೆಯವರ ಮಾತು ಓದಿ ಬೇಜಾರಾಯಿತು. ಉಳಿದ ಇಬ್ಬರ ಮಾತು ಓದಿ ನಮ್ಮ ಮನೆಯ ಗುಂಪನ್ನೇ ಇನ್ನೊಮ್ಮೆ ಓದಿದಂತಾಯಿತು.

ಸಿದ್ದಾಪುರದ ತಮ್ಮ, ನಿಮ್ಮ ಉತ್ತರ ಮಗಳಿಗೆ ಕಳಿಸಿಬಿಟ್ಟೆ. ಚಡ್ಡಿ ವಿಷಯ ಓದಿ ಅವಳು ಬರೆದದ್ದನ್ನು ಇಲ್ಲಿ ಹಾಕುವಂತಿಲ್ಲ.

2025ರ ಆಗಸ್ಟ್ 30ಕ್ಕೆ ಟೆಕ್ಸಸ್ ಕೊಲಂಬಸ್‌ಗೆ ಬರುತ್ತದಂತೆ. ನಮ್ಮ ರಾತ್ರಿ ಒಂಬತ್ತೂವರೆಗೆ ಶುರು. ಕರೆಂಟ್ ಇದ್ದರೆ ನಾನೂ ನೋಡುತ್ತೇನೆ. ಗೋಣಿಕೊಪ್ಪದ ತಮ್ಮ, ಟೆಕ್ಸಸ್ ಈಗ ನಿಮ್ಮ ಎಸ್‌ಇಸಿ ತಾನೇ? 2025ರ ಸೀಸನ್ ಶುರುವಿನ ಪಟ್ಟಿಯಲ್ಲಿ ಮೊದಲನೇ ಸ್ಥಾನವೂ ಅವರದ್ದೇ. ಅವರು ಸೋತರೆ ಬಿಗ್ ಟೆನ್ ಗಟ್ಟಿ ಅಂತ ಒಪ್ಪುತ್ತೀರಾ?

ಗೋಣಿಕೊಪ್ಪ_ಹುಡುಗ

ಅಕ್ಕ, ಗೆದ್ದರೆ ಟೆಕ್ಸಸ್ ಎಸ್‌ಇಸಿ. ಸೋತರೆ ಅವರು ಸೇರಿದ್ದೇ 2024ರಲ್ಲಿ, ಇನ್ನೂ ಹೊಸಬರು.