ಸಹಾಯ ಬೇಕು: ಮಗಳ ಪೈಲಟ್ ತರಬೇತಿ ಈಗಲೇ ಶುರು ಮಾಡಿಸೋದಾ, ಪಿಯುಸಿ ಮುಗೀಲಾ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗಳಿಗೆ ಮೊನ್ನೆ 16 ತುಂಬಿತು, ಮೊದಲ ಪಿಯುಸಿ, ಪಿಸಿಎಂಸಿ. ಏಳನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಸಣ್ಣ ವಿಮಾನ ಇಳಿಯೋದನ್ನು ಬೇಲಿಯಾಚೆಯಿಂದ ನೋಡಿದ್ದಳು. ಅವತ್ತಿನಿಂದ ಒಂದೇ ಹಟ.

16ಕ್ಕೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಸಿಗುತ್ತದೆ. ಆದರೆ ಪೈಲಟ್ ಕೆಲಸಕ್ಕೆ ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 18 ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ವಿಚಾರಿಸಿದ ಕಡೆಯೆಲ್ಲ ಖರ್ಚು 40 ಲಕ್ಷ ದಾಟುತ್ತದೆ ಅಂದರು. ನಮ್ಮ ಕೈಯಲ್ಲಿರುವುದು 12 ಲಕ್ಷ. ಉಳಿದದ್ದಕ್ಕೆ ಮನೆಪತ್ರ ಬ್ಯಾಂಕಿನಲ್ಲಿಡಬೇಕು, ಅದೇ ನಿದ್ದೆ ಕೆಡಿಸಿದೆ.

ಅವಳ ಅಪ್ಪ ಈಗಲೇ ಸೇರಿಸೋಣ ಅಂತಾರೆ. ನನಗೆ ಹಾಗನ್ನಿಸಲ್ಲ. ರಜೆಯಲ್ಲಿ ನಾಲ್ಕಾರು ಗಂಟೆ ಹಾರಿ ತಿಂಗಳುಗಟ್ಟಲೆ ಬಿಟ್ಟರೆ ಕಲಿತದ್ದು ಮರೆತು, ಅದೇ ಪಾಠಕ್ಕೆ ಮತ್ತೆ ದುಡ್ಡು ಸುರಿಯಬೇಕಾಗುತ್ತದೆ. ಮೊದಲು ಡಿಜಿಸಿಎ (ಲೈಸೆನ್ಸ್ ಕೊಡುವ ವಿಮಾನಯಾನ ಇಲಾಖೆ) ಮೆಡಿಕಲ್ ಮಾಡಿಸೋಣ, ಕಣ್ಣು, ಕಿವಿಯಲ್ಲಿ ತೊಂದರೆಯಿದ್ದರೆ ಫೀಸು ಕಟ್ಟುವ ಮುಂಚೆಯೇ ಗೊತ್ತಾಗಲಿ. ಹವಾಮಾನ, ನ್ಯಾವಿಗೇಷನ್ ಪುಸ್ತಕಗಳನ್ನು ಮನೆಯಲ್ಲೇ ಓದಿಕೊಳ್ಳಲಿ.

ಮಕ್ಕಳನ್ನು ಓದಿಸಿದವರು ದಯವಿಟ್ಟು ಹೇಳಿ: ಬೇಗ ಶುರು ಮಾಡಿದ್ದರಿಂದ ನಿಜಕ್ಕೂ ಖರ್ಚು ಉಳಿಯಿತಾ? ಫೀಸನ್ನು ಕಂತಿನಲ್ಲಿ ಕಟ್ಟಿದಿರಾ, ಒಟ್ಟಿಗೆ ಕೇಳಿದರಾ? ಮಳೆಗಾಲದಲ್ಲಿ ಹಾರಾಟ ನಿಂತಾಗ ಹಾಸ್ಟೆಲ್ ಖರ್ಚು ಎಷ್ಟು ಏರಿತು? ಮುಂದಿನ ತಿಂಗಳೊಳಗೆ ತೀರ್ಮಾನ ಮಾಡಬೇಕಿದೆ.