ಫಾದರ್ ಹೆನ್ರಿ ಹೆರಾಸ್ ವಿಜಯನಗರದ ಬಗ್ಗೆ ಬರೆದಿದ್ದನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ಸ್ಪೇನಿನಿಂದ ಬಂದ ಈ ಜೆಸ್ವಿಟ್ ಪಾದ್ರಿಯ ಕೆಲಸ ಈಗಲೂ ನಂಬುವಂಥದ್ದೇ? ಎಲ್ಲಿಂದ ಶುರು ಮಾಡಲಿ?

ಉತ್ತರ 1: 1888ರಲ್ಲಿ ಹುಟ್ಟಿದ ಹೆರಾಸ್ 1922ರಲ್ಲಿ ಮುಂಬಯಿಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸಿದರು. 1926ರಲ್ಲಿ ಅಲ್ಲೇ ಸಂಶೋಧನಾ ಸಂಸ್ಥೆ ಕಟ್ಟಿದರು. ಮೊದಲು, ವಿಜಯನಗರದ ಕೊನೆಯ ರಾಜವಂಶವಾದ ಅರವೀಡು ವಂಶದ ಬಗ್ಗೆ ಅವರು ಬರೆದ ಗ್ರಂಥ (1927) ಹಿಡಿಯಿರಿ. 1565ರ ತಾಳಿಕೋಟೆ ಯುದ್ಧದೊಂದಿಗೆ ಸಾಮ್ರಾಜ್ಯವೇ ಮುಗಿಯಿತು ಅನ್ನುವ ರೂಢಿಯ ಮಾತು ಅಲ್ಲಿ ನಿಲ್ಲುವುದಿಲ್ಲ. ಆಮೇಲಿನ ರಾಜಧಾನಿಗಳಾದ ಪೆನುಕೊಂಡ, ಚಂದ್ರಗಿರಿಗಳ ಆಳ್ವಿಕೆ ವಿವರವಾಗಿ ಬರುತ್ತದೆ. ಶಾಸನಗಳ ಜೊತೆಗೆ ಜೆಸ್ವಿಟ್ ಪಾದ್ರಿಗಳ ಪತ್ರಗಳನ್ನೂ ಬಳಸಿದ್ದೇ ಅವರ ದೊಡ್ಡ ಕೊಡುಗೆ. ಆದರೆ ಆ ಪತ್ರಗಳು ಮತಪ್ರಚಾರದ ವರದಿಗಳು. ಅರಮನೆಯ ಸುದ್ದಿಗೆ ಬೆಲೆ ಕೊಡಿ, ರಾಜನ ಮನಸ್ಸು ಕ್ರೈಸ್ತಮತದತ್ತ ವಾಲಿತ್ತು ಅನ್ನುವಂಥ ಮಾತನ್ನು ಮಾತ್ರ ಅಳೆದು ತೂಗಿ ಒಪ್ಪಿ.

ಉತ್ತರ 2: ವಿಜಯನಗರದ ಆರಂಭದ ಬಗ್ಗೆ ಹೆರಾಸ್ ಬರೆದ 1929ರ ಪುಸ್ತಕದಲ್ಲಿ, ವಿದ್ಯಾರಣ್ಯರು ರಾಜ್ಯ ಕಟ್ಟಿಸಿದರೆಂಬ ಕಥೆ ಶೃಂಗೇರಿಯಲ್ಲಿ ಆಮೇಲೆ ಹುಟ್ಟಿದ್ದು ಎಂದು ವಾದಿಸಿದ್ದಾರೆ. ಕಥೆ ತಡವಾದದ್ದು ಅನ್ನುವುದು ಗಟ್ಟಿ ವಾದ; ಮಠದವರೇ ಬೇಕೆಂದು ಹೆಣೆದರು ಅನ್ನುವುದು ಊಹೆ. ಎರಡನ್ನೂ ಬೆರೆಸಬೇಡಿ.

ಉತ್ತರ 3: ಶಾಸನಗಳ ತೇದಿಗಳನ್ನು ನೀವೇ ತಾಳೆ ನೋಡಿ. ಕ್ರಿ.ಶ. ವರ್ಷಕ್ಕೆ, ಗತ (ಅಂದರೆ ಮುಗಿದ ವರ್ಷಗಳನ್ನು ಎಣಿಸುವ) ಶಕವರ್ಷಕ್ಕೆ 78 ಸೇರಿಸಿ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿ ಜನವರಿ 1ರಂದು ಅಥವಾ ಆಮೇಲೆ ಬಿದ್ದರೆ 79. ಸಂವತ್ಸರಕ್ಕೆ, ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷ ನೋಡಿ; ಪ್ರಭವದಿಂದ ಎಣಿಸಿದರೆ ಅಷ್ಟನೆಯ ಹೆಸರು ಸಿಗುತ್ತದೆ. ಶಕ 1258ಕ್ಕೆ ಶೇಷ 10, ಅಂದರೆ ಹತ್ತನೆಯ ಧಾತು; ಶಾಸನದಲ್ಲೂ ಧಾತು ಎಂದೇ ಇದ್ದರೆ 1258ಕ್ಕೆ 78 ಸೇರಿಸಿ ಬರುವ 1336 ಸರಿಹೊಂದಿತು. ಶಾಸನದ ಹೆಸರು ಲೆಕ್ಕದ ಹೆಸರಿಗಿಂತ ಒಂದು ವರ್ಷ ಹಿಂದಿದ್ದರೆ ಅಲ್ಲಿರುವುದು ವರ್ತಮಾನ (ನಡೆಯುತ್ತಿರುವ ವರ್ಷವನ್ನೂ ಎಣಿಸುವ) ಶಕ, ಆಗ 77 ಸೇರಿಸಿ. ಇನ್ನೂ ಹೊಂದದಿದ್ದರೆ ಓದು ತಪ್ಪಿರಬಹುದು, ಇಲ್ಲವೇ ಶಾಸನವೇ ಕೂಟ, ಅಂದರೆ ನಕಲಿ.